ಕಲಬುರಗಿಯಲ್ಲಿ ಇಂಡೋರ್ ಬಿಲ್ಲುಗಾರಿಕೆ ರೇಂಜ್: ಶೆಡ್ ಹಿಡಿಯುವ ಮೊದಲು ಮಾಡಬೇಕಾದ ಕೆಲಸಗಳು

ಬಿಲ್ಲುಗಾರಿಕೆ ರೇಂಜ್, ಅಂದರೆ ಬಾಣ ಹೊಡೆಯುವ ಅಭ್ಯಾಸದ ಜಾಗ, ಶುರು ಮಾಡಬೇಕೆಂದು ನನಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರು ಬಿಲ್ಲು ಕೊಂಡಾದ ಮೇಲೆ ಮಾಡುತ್ತಾರೆ. "ಸರ್ರ, ಎಂಟು ಬಿಲ್ಲ ಬಂದಾವ, ಶೆಡ್ ಭೀ ಹಿಡಿದೀವಿ. ಈಗ ಕೋಚ್ ಯಾರರೇ ಇದ್ರ ಹೇಳ್ರಿ." ಅಲ್ಲಿಗೆ ಅರ್ಧ ದುಡ್ಡು ಹೋಗಿರುತ್ತದೆ. ಆರು ತಿಂಗಳು ಬಿಟ್ಟು ಅದೇ ಶೆಡ್‌ನಲ್ಲಿ ಬಾಕ್ಸ್ ಕ್ರಿಕೆಟ್ ನೆಟ್ ಕಟ್ಟಿರುತ್ತಾರೆ.

ತಪ್ಪು ಎಲ್ಲರದ್ದೂ ಒಂದೇ. ಕೆಲಸದ ಸರದಿ ತಲೆಕೆಳಗಾಗಿರುತ್ತದೆ. ಮೊದಲು ಮಕ್ಕಳು, ಆಮೇಲೆ ಕೋಚ್, ಆಮೇಲೆ ಜಾಗ, ಟಾರ್ಗೆಟ್‌ನ ಹಿಂದೆ ಬಾಣ ನಿಲ್ಲಿಸುವ ತಡೆ, ಕೊನೆಗೆ ಬಿಲ್ಲು. ಈ ಸರದಿಯಲ್ಲಿ ಹೋದರೆ ಬೇಡ ಅನ್ನಿಸಿದಾಗ ಕಡಿಮೆ ನಷ್ಟದಲ್ಲಿ ಹಿಂದೆ ಬರಬಹುದು. ಕಲಬುರಗಿಯನ್ನೇ ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಬೀದರ್, ಯಾದಗಿರಿಯವರು ಬಾಡಿಗೆ ಅಂಕಿ ಬದಲಿಸಿಕೊಂಡರೆ ಸಾಕು.

## ಹಂತ 1: ಒಂದು ಹಾಳೆಯ ಲೆಕ್ಕ

ಪೆನ್ನು ತೆಗೆದುಕೊಳ್ಳಿ. ಆರು ಲೇನ್, ಅಂದರೆ ಆರು ಜನ ಪಕ್ಕಪಕ್ಕ ನಿಂತು ಹೊಡೆಯುವಷ್ಟು ಸಾಲು, ಇದೆ ಅಂದುಕೊಳ್ಳೋಣ. ಒಂದು ಲೇನ್‌ಗೆ ಇಬ್ಬರು, ಒಬ್ಬರು ಹೊಡೆಯುವಾಗ ಇನ್ನೊಬ್ಬರು ಕಾಯುತ್ತಾರೆ. ಅಂದರೆ ಒಂದು ಬ್ಯಾಚ್‌ಗೆ 12 ಜನ. ಬೆಳಿಗ್ಗೆ ಒಂದು ಬ್ಯಾಚ್, ಸಂಜೆ ಎರಡು. ದಿನಕ್ಕೆ 36 ಜನ. ಸೋಮ-ಬುಧ-ಶುಕ್ರ ಒಂದು ಗುಂಪು, ಮಂಗಳ-ಗುರು-ಶನಿ ಇನ್ನೊಂದು ಗುಂಪು ಅಂದರೆ ಒಟ್ಟು 72 ಸೀಟು. ಇದಕ್ಕಿಂತ ಜಾಸ್ತಿ ತುಂಬಿಸಿದರೆ ಒಬ್ಬ ಕೋಚ್ ಕಣ್ಣಿಡಲು ಆಗುವುದಿಲ್ಲ.

ಈಗ ಖರ್ಚು. ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ಬಾಡಿಗೆ 22,000. ಕೋಚ್ ಸಂಬಳ 25,000. ಸಹಾಯಕ 12,000. ಕರೆಂಟು 7,000. ಬಾಣ, ಟಾರ್ಗೆಟ್ ಸವಕಳಿ 8,000. ವಿಮೆ, ನೀರು, ಸ್ವಚ್ಛತೆ 4,000. ಒಟ್ಟು ತಿಂಗಳಿಗೆ 78,000 ರೂಪಾಯಿ. ಫೀ 1,500 ಇಟ್ಟರೆ ಖರ್ಚು ಸರಿದೂಗಲು 52 ಮಕ್ಕಳು ಬೇಕು.

ಇಲ್ಲಿಗೆ ಎಲ್ಲರೂ ಪೆನ್ನು ಕೆಳಗಿಡುತ್ತಾರೆ. ಇಡಬೇಡಿ. ಶುರುವಿಗೆ ಹಾಕಿದ ಬಂಡವಾಳ 6 ಲಕ್ಷ ಅಂದುಕೊಂಡರೆ, ಅದನ್ನು ಮೂರು ವರ್ಷದಲ್ಲಿ ವಾಪಸ್ ಪಡೆಯಲು ತಿಂಗಳಿಗೆ ಸುಮಾರು 16,700 ಸೇರಿಸಬೇಕು. ಆಗ 64 ಮಕ್ಕಳು ಬೇಕು. 72 ಸೀಟಿನಲ್ಲಿ 64! ನಿಮ್ಮ ಸ್ವಂತ ದುಡಿಮೆಗೆ ಇನ್ನೂ ಒಂದು ರೂಪಾಯಿಯೂ ಸಿಕ್ಕಿಲ್ಲ. ಪರೀಕ್ಷೆ ಹತ್ತಿರ ಬಂದರೆ, ಅಂದರೆ ಫೆಬ್ರುವರಿ-ಮಾರ್ಚ್‌ನಲ್ಲಿ, ಅರ್ಧಕ್ಕರ್ಧ ಮಕ್ಕಳು ಬರುವುದು ನಿಲ್ಲಿಸುತ್ತಾರೆ. "ಪರೀಕ್ಷಾ ಮುಗಿಲ್ರಿ, ಆಮ್ಯಾಲ ಕಳಸ್ತೀವಿ" ಅನ್ನುವ ಮಾತು ಬಂದೇ ಬರುತ್ತದೆ.

ಹಾಗಾಗಿ ಇದರಲ್ಲಿ ಲಾಭ ಇದೆಯಾ ಅಂತ ಕೇಳಿದರೆ ನನ್ನ ಉತ್ತರ ನೇರವಾಗಿದೆ. ಬಾಡಿಗೆ ಶೆಡ್ಡು, ಬರೀ ತಿಂಗಳ ಫೀ, ಇವೆರಡನ್ನೇ ನಂಬಿದರೆ ಲಾಭ ಇಲ್ಲ. ಎರಡು ದಾರಿಯಲ್ಲಿ ಲೆಕ್ಕ ಕೂಡುತ್ತದೆ. ಶೆಡ್ ನಿಮ್ಮದೇ ಆಗಿದ್ದರೆ ತಿಂಗಳ ಖರ್ಚು 56,000ಕ್ಕೆ ಇಳಿಯುತ್ತದೆ, 38 ಮಕ್ಕಳಿಗೆ ಸರಿಹೋಗುತ್ತದೆ. ಇಲ್ಲವೇ ಎರಡು ಶಾಲೆಗಳು ವಾರಕ್ಕೊಮ್ಮೆ ತರಗತಿಗೆ ತಿಂಗಳಿಗೆ ತಲಾ 10,000 ಕೊಟ್ಟರೆ 39 ಮಕ್ಕಳು ಸಾಕು. ಬಂಡವಾಳ ವಾಪಸ್ ಬರುವುದನ್ನೂ ಸೇರಿಸಿದರೆ ಶಾಲೆಯ ದಾರಿಯಲ್ಲಿ 50 ಆಗುತ್ತದೆ.

ಭಾನುವಾರ ಸುಮ್ನೆ ಹತ್ತು ಬಾಣ ಹೊಡೆದು ಹೋಗುವವರು ಬರುತ್ತಾರೆ, ಹುಟ್ಟುಹಬ್ಬದ ಪಾರ್ಟಿಗೂ ಕೇಳುತ್ತಾರೆ. ಅದು ಸಿಕ್ಕರೆ ಲಾಭ ಅಂದುಕೊಳ್ಳಿ, ಲೆಕ್ಕದ ಹಾಳೆಯಲ್ಲಿ ಬರೆಯಬೇಡಿ. ಮೊದಲ ಎರಡು ತಿಂಗಳ ಜನಜಂಗುಳಿ ನೋಡಿ ಮೋಸ ಹೋದವರನ್ನು ನೋಡಿದ್ದೇನೆ. ಸರ್ಕಾರದ್ದೋ ಅಭಿವೃದ್ಧಿ ಮಂಡಳಿಯದ್ದೋ ಅನುದಾನ ಬರುತ್ತೆ ಅಂತಲೂ ಹಾಳೆಯಲ್ಲಿ ಬರೆಯಬೇಡಿ.

## ಹಂತ 2: ಮೂರು ತಿಂಗಳ ಪರೀಕ್ಷೆ, ಶೆಡ್ ಇಲ್ಲದೆ

ಶೆಡ್ ಹಿಡಿಯುವ ಮೊದಲು ಒಂದು ಶಾಲೆಯ ಸಭಾಂಗಣವನ್ನೋ, ಖಾಲಿ ಇರುವ ಕಲ್ಯಾಣ ಮಂಟಪವನ್ನೋ ವಾರಕ್ಕೆ ಎರಡು ದಿನ ಕೇಳಿ ಪಡೆಯಿರಿ. ಮದುವೆ ಸೀಸನ್ ಬಿಟ್ಟರೆ ಮಂಟಪದವರು ಒಪ್ಪುತ್ತಾರೆ. 10 ಮೀಟರ್ ದೂರ ಸಿಕ್ಕರೂ ಹೊಸಬರಿಗೆ ಸಾಕು. ನಾಲ್ಕು ಬಿಲ್ಲು, ಎರಡು ಟಾರ್ಗೆಟ್, ಒಂದು ನೆಟ್. ಅಷ್ಟೇ ಬಂಡವಾಳ.

ಇಲ್ಲಿ ನೋಡಬೇಕಾದ್ದು ಎಷ್ಟು ಜನ ಬಂದರು ಅನ್ನುವುದನ್ನಲ್ಲ. ಎರಡನೇ ತಿಂಗಳ ಫೀ ಎಷ್ಟು ಜನ ಕಟ್ಟಿದರು, ಅದನ್ನು ನೋಡಿ. 20 ಜನ ಸೇರಿ 14 ಜನ ಮುಂದುವರಿದರೆ ಊರಲ್ಲಿ ಬೇಡಿಕೆ ಇದೆ. ಐದಾರು ಜನ ಉಳಿದರೆ ಇನ್ನೊಂದು ಬಡಾವಣೆಯಲ್ಲಿ ಮಾಡಿ ನೋಡಿ. ಅಲ್ಲೂ ಹಾಗೇ ಆದರೆ ನಿಲ್ಲಿಸಿ. ನಾಲ್ಕು ಬಿಲ್ಲು ಮಾರಿಬಿಡಬಹುದು.

ಪಾಲಕರು ಕೇಳುವ ಪ್ರಶ್ನೆಗೆ ಉತ್ತರ ರೆಡಿ ಇಟ್ಟುಕೊಳ್ಳಿ. "ಇದಕ್ಕ ಸರ್ಟಿಫಿಕೇಟ್ ಸಿಗ್ತದೇನ್ರಿ?" ಸ್ಕೂಲ್ ಗೇಮ್ಸ್‌ನಲ್ಲಿ ಬಿಲ್ಲುಗಾರಿಕೆ ಇದೆ. ಆದರೆ ಅಲ್ಲಿ ಗೆಲ್ಲಲು ಬಯಲು ಬೇಕು. ಒಲಿಂಪಿಕ್ಸ್‌ನಲ್ಲಿ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) 70 ಮೀಟರ್, ಕಾಂಪೌಂಡ್ (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಸ್ಪರ್ಧೆ 50 ಮೀಟರ್, ಬಿದಿರು ಬಿಲ್ಲಿನ ಇಂಡಿಯನ್ ರೌಂಡ್ 50 ಮತ್ತು 30 ಮೀಟರ್. ಇಂಡೋರ್ 18 ಮೀಟರ್. ಒಳಗೆ ಕಲಿತ ಮಗು ಒಂದು ವರ್ಷದ ಮೇಲೆ ಹೊರಗೆ ಹೋಗಲೇಬೇಕು. ಅದಕ್ಕೆ ಶಾಲೆಯ ಮೈದಾನ ಒಂದನ್ನು ಈಗಲೇ ಮಾತಾಡಿಟ್ಟುಕೊಳ್ಳಿ. "ನಮ್ಮ ಶೆಡ್‌ನಿಂದಲೇ ಒಲಿಂಪಿಕ್ಸ್‌ಗೆ" ಅಂತ ಬ್ಯಾನರ್ ಹಾಕಿದರೆ ಎರಡನೇ ವರ್ಷ ಪಾಲಕರೇ ಬಂದು ಜಗಳ ಮಾಡುತ್ತಾರೆ.

ಎಚ್ಚರಿಕೆ: ಶಾಲೆಯ ಜೊತೆ ಬಾಯಿಮಾತಿನ ಒಪ್ಪಂದ ಬೇಡ. ಪ್ರಿನ್ಸಿಪಾಲ್ ವರ್ಗ ಆದರೆ ಮಾತೂ ವರ್ಗ ಆಗುತ್ತದೆ. ನನಗೆ ಹಾಗೇ ಆಗಿದೆ, ಜೂನ್‌ನಲ್ಲಿ ಹೋದರೆ ಹೊಸಬರು ನನ್ನನ್ನು ಪುಸ್ತಕ ಮಾರುವವನು ಅಂದುಕೊಂಡರು.

## ಹಂತ 3: ಕೋಚ್

ಎನ್‌ಐಎಸ್ (ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಅಥವಾ ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆ ವರ್ಲ್ಡ್ ಆರ್ಚರಿಯ ಲೆವೆಲ್ 1 ಕೋರ್ಸ್ ಮಾಡಿದವರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ, ಸ್ಪರ್ಧೆಯಲ್ಲಿ ಕೆಲವು ವರ್ಷ ಆಡಿದ ಹುಡುಗನನ್ನೋ ಹುಡುಗಿಯನ್ನೋ ಹಿಡಿದು ನಿಮ್ಮ ಖರ್ಚಿನಲ್ಲಿ ಕೋರ್ಸ್‌ಗೆ ಕಳಿಸಿ. ಯೂಟ್ಯೂಬ್ ನೋಡಿ ನೀವೇ ಕಲಿಸುತ್ತೇನೆ ಅಂದರೆ ಬೇಡ. ಬಿಲ್ಲು ಎಳೆಯುವುದು ಭುಜದ, ಬೆನ್ನಿನ ಕೆಲಸ. ತಪ್ಪು ಕಲಿತ ಮಗುವಿಗೆ ಭುಜದ ನೋವು ಕಟ್ಟಿಟ್ಟ ಬುತ್ತಿ.

ಕೋಚ್ ಸರಿಯಿದ್ದಾರಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ. ಮೊದಲ ತರಗತಿ ನೋಡಿ. ಹೊಸಬರ ಕೈಗೆ ಹತ್ತು ನಿಮಿಷದಲ್ಲಿ ಬಾಣ ಕೊಟ್ಟರೆ ಅವರು ನಿಮಗೆ ಬೇಡ. ಮೊದಲು ಸೀಟಿಯ ನಿಯಮ ಹೇಳಬೇಕು, ಯಾವ ಕಣ್ಣು ಪ್ರಧಾನ ಅಂತ ನೋಡಬೇಕು, ರಬ್ಬರ್ ಪಟ್ಟಿ ಎಳೆಸಬೇಕು. ಬಲಗೈ ಬಳಸುವ ಮಗುವಿನ ಎಡಗಣ್ಣು ಪ್ರಧಾನ ಆಗಿರುವುದು ಉಂಟು. ಅದನ್ನು ನೋಡದೆ ಬಲಗೈ ಬಿಲ್ಲು ಕೊಟ್ಟರೆ ಬಾಣವೆಲ್ಲ ಒಂದೇ ಪಕ್ಕಕ್ಕೆ ಹೋಗುತ್ತದೆ. ಪಾಪ, ಮಗು ತನಗೆ ಬರಲ್ಲ ಅಂದುಕೊಳ್ಳುತ್ತದೆ.

## ಹಂತ 4: ಜಾಗ ಅಳೆಯುವುದು

ಇಲ್ಲೇ ಜಾಸ್ತಿ ಜನ ಎಡವುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊಡೆಯುವ ಗೆರೆಯಿಂದ ಟಾರ್ಗೆಟ್‌ಗೆ 18 ಮೀಟರ್. ಗೆರೆಯ ಹಿಂದೆ ಕಾಯುವವರಿಗೆ 3 ಮೀಟರ್. ಅದರ ಹಿಂದೆ ಬೆಂಚು, ಬಿಲ್ಲು ನಿಲ್ಲಿಸುವ ಸ್ಟ್ಯಾಂಡು, ಪಾಲಕರು ಕೂರುವ ಜಾಗ ಇನ್ನೊಂದು 4 ಮೀಟರ್. ಟಾರ್ಗೆಟ್‌ನ ಹಿಂದೆ ನೆಟ್ ಮತ್ತು ಗೋಡೆಗೆ 2 ಮೀಟರ್. ಒಟ್ಟು 27 ಮೀಟರ್, ಅಂದರೆ ಹತ್ತಿರ ಹತ್ತಿರ 90 ಅಡಿ. ಅಗಲಕ್ಕೆ ಒಬ್ಬರಿಗೆ ಕನಿಷ್ಠ 80 ಸೆಂಟಿಮೀಟರ್ ಅಂತ ನಿಯಮ ಇದೆ, ಮಕ್ಕಳಿಗೆ 1.2 ಮೀಟರ್ ಕೊಡಿ. ಆರು ಲೇನ್, ಎರಡೂ ಪಕ್ಕ ಒಂದೊಂದು ಮೀಟರ್ ಬಿಟ್ಟರೆ 30 ಅಡಿ. ಅಂದರೆ 30×90 ಅಡಿ ಬೇಕು, ನಡುವೆ ಒಂದು ಕಂಬವೂ ಇಲ್ಲದೆ.

30×40 ಸೈಟಿನ ಮೇಲಿನ ಮಹಡಿಯಲ್ಲಿ ಆಗುತ್ತಾ ಅಂತ ಕೇಳುತ್ತಾರೆ. 40 ಅಡಿ ಅಂದರೆ 12 ಮೀಟರ್ ಚಿಲ್ಲರೆ. ಮೇಲಿನ ಲೆಕ್ಕದಲ್ಲಿ 9 ಮೀಟರ್ ಕಳೆದರೆ ಉಳಿಯುವುದು 3. ಬಾಣ ಎಸೆದರೂ ಮುಟ್ಟುತ್ತದೆ.

ನಮ್ಮ ಊರಿನಲ್ಲಿ ಈ ಅಳತೆಗೆ ಸರಿಹೊಂದುವುದು ಹಳೇ ದಾಲ್ ಮಿಲ್ಲಿನ ಗೋಡೌನು. ತೊಗರಿ ನಾಡಲ್ವಾ, ಉದ್ದನೆಯ ಶೆಡ್‌ಗಳಿಗೆ ಬರ ಇಲ್ಲ. ಕಪನೂರು, ನಂದೂರು ಕೈಗಾರಿಕಾ ಪ್ರದೇಶದ ಕಡೆ ಸುತ್ತಾಡಿ. ಆದರೆ ಮಕ್ಕಳು ಸಂಜೆ ಒಬ್ಬರೇ ಆಟೋದಲ್ಲಿ ಬರುವಷ್ಟು ಹತ್ತಿರ ಇರಬೇಕು. ರಿಂಗ್ ರೋಡ್ ದಾಟಿ ದೂರ ಇದ್ದರೆ ಬಾಡಿಗೆ ಉಳಿಯುತ್ತದೆ, ಮಕ್ಕಳು ಉಳಿಯುವುದಿಲ್ಲ.

ಶೆಡ್ ನೋಡಲು ಹೋದಾಗ ಟೇಪ್, ಟಾರ್ಚ್, ಸೀಮೆಸುಣ್ಣ ಒಯ್ಯಿರಿ. ಐದು ವಿಷಯ ನೋಡಿ.

1. ಬಾಗಿಲು ಎಲ್ಲಿದೆ? ಹೊಡೆಯುವ ಗೆರೆಯ ಮುಂದೆ ಯಾವ ಬಾಗಿಲೂ ತೆರೆಯಬಾರದು. ಗೋಡೌನ್‌ಗಳಲ್ಲಿ ಲಾರಿಗೆ ಮಾಲು ತುಂಬಲು ಉದ್ದನೆಯ ಗೋಡೆಯಲ್ಲೇ ಶಟರ್ ಇಟ್ಟಿರುತ್ತಾರೆ. ನನ್ನ ಮೊದಲ ಶೆಡ್‌ನಲ್ಲಿ ಹಾಗೇ ಇತ್ತು. ಕೊಂಡಿ ಹಾಕಿದ್ದೇವೆ ಅಂದುಕೊಂಡಿದ್ದೆ. ಒಂದು ಸಂಜೆ ನಾಲ್ವರು ಬಿಲ್ಲು ಎಳೆದು ನಿಂತಿದ್ದಾಗ ಶಟರ್ ಗಡಗಡ ಅಂತ ಮೊಣಕಾಲೆತ್ತರ ಮೇಲೆ ಹೋಯಿತು, ಕೆಳಗಿನಿಂದ ಒಂದು ತಲೆ ಇಣುಕಿತು. ಪಕ್ಕದ ಮಿಲ್ಲಿನ ಹಮಾಲಿ, ನೀರು ಕೇಳಲು ಬಂದಿದ್ದ. ಕೋಚ್ ಸೀಟಿ ಐದಾರು ಸಲ ಊದಿದಳು, ನಾಲ್ವರೂ ಬಿಲ್ಲು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಒಳಗಿನಿಂದ ಬೀಗ ಹಾಕಿ, ಹೊರಗೆ ಮಾಲೀಕರಿಂದಲೂ ಬೀಗ ಹಾಕಿಸಿದೆ.

2. ಗೆರೆಯ ಹಿಂದೆ ಎರಡನೇ ಬಾಗಿಲು ಇದೆಯಾ? ಮುಂದಿನ ಶಟರ್‌ಗೆ ಬೀಗ ಹಾಕಿದ ಮೇಲೆ ಬೆಂಕಿ ಬಿದ್ದರೆ ಹೊರಗೆ ಓಡಲು ದಾರಿ ಬೇಕು. ಫೋಮ್ ಟಾರ್ಗೆಟ್ ಬೇಗ ಉರಿಯುತ್ತದೆ. ಒಂದೇ ಬಾಗಿಲಿನ ಶೆಡ್ ಎಷ್ಟೇ ಅಗ್ಗ ಸಿಕ್ಕರೂ ಬಿಡಿ.

3. ಎತ್ತರ. 18 ಮೀಟರ್‌ನಲ್ಲಿ ಬಾಣ ತುಂಬಾ ಮೇಲಕ್ಕೇನೂ ಹೋಗುವುದಿಲ್ಲ, ಹಗುರ ಬಿಲ್ಲಿನಲ್ಲೂ ಒಂದೆರಡು ಅಡಿಯಷ್ಟೇ ಏರಿ ಇಳಿಯುತ್ತದೆ. ಆದರೂ 12 ಅಡಿ ಬೇಕು. ಕೈ ಜಾರಿದ ಬಾಣ ಲೈಟಿಗೆ, ಪತ್ರಾಸಿಗೆ (ಛಾವಣಿಯ ತಗಡಿಗೆ) ತಾಗುತ್ತದೆ.

4. ನೆಲ. ಶಹಾಬಾದ್ ಕಲ್ಲು ಹಾಸಿದ್ದರೆ ನಿಲ್ಲುವುದಕ್ಕೆ ತಂಪು, ಚೆನ್ನ. ಆದರೆ ಕೆಳಗೆ ಬಿದ್ದ ಬಾಣ ಅದರ ಮೇಲೆ ಜಾರಿ ಟಾರ್ಗೆಟ್ ಅಡಿಯಿಂದ ಹಿಂದಿನ ಗೋಡೆಗೆ ಬಡಿಯುತ್ತದೆ. ಕೊನೆಯ ನಾಲ್ಕು ಮೀಟರ್‌ಗೆ ನಾರಿನ ಚಾಪೆ ಹಾಸಿ.

5. ಬಿಸಿಲು. ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ, ಬೆಳಿಗ್ಗೆ ಹೋಗಬೇಡಿ. ಏಪ್ರಿಲ್-ಮೇನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಪತ್ರಾಸಿನ ಅಡಿ ಹತ್ತು ನಿಮಿಷ ನಿಂತರೆ ನಿಮಗೇ ಗೊತ್ತಾಗುತ್ತದೆ. ಬೇಸಿಗೆ ಶಿಬಿರದ ದುಡ್ಡು ಬರುವುದೂ ಅದೇ ಎರಡು ತಿಂಗಳು. ಮೇಲೆ ಬಿಳಿ ಬಣ್ಣ, ಅಡಿಗೆ ಥರ್ಮೋಕೋಲ್ ಛಾವಣಿ, ಎರಡು ಎಕ್ಸಾಸ್ಟ್ ಫ್ಯಾನ್, ಇದರ ಖರ್ಚು ಯಾರು ಹಾಕಬೇಕು ಅಂತ ಮಾಲೀಕರ ಜೊತೆ ಮೊದಲೇ ಮಾತಾಡಿ. ಥರ್ಮೋಕೋಲ್ ಹಾಕುವುದಾದರೆ ಬೆಂಕಿ ಬೇಗ ಹಿಡಿಯದ ಜಾತಿಯದ್ದೇ ಕೇಳಿ.

ಕೂಲರ್ ಬಗ್ಗೆ ಒಂದು ಮಾತು. ಕಾಯುವ ಜಾಗದಲ್ಲಿ ಮಾತ್ರ ಇಡಿ. ಟಾರ್ಗೆಟ್ ಕಡೆಗೆ ಮುಖ ಮಾಡಿ ಇಟ್ಟರೆ ಆ ತೇವಕ್ಕೆ ಫೇಸ್, ಅಂದರೆ ಟಾರ್ಗೆಟ್ ಮೇಲೆ ಅಂಟಿಸುವ ಬಣ್ಣದ ವೃತ್ತಗಳ ಕಾಗದ, ಉಬ್ಬಿ ಹರಿಯುತ್ತದೆ.

## ಹಂತ 5: ಕಾಗದಪತ್ರ

ಬೇಗ ಮುಗಿಸೋಣ. ಬಾಡಿಗೆ ಕರಾರಿನಲ್ಲಿ "ಬಿಲ್ಲುಗಾರಿಕೆ ತರಬೇತಿಗೆ" ಅಂತ ಸ್ಪಷ್ಟವಾಗಿ ಬರೆಸಿ. ಮಹಾನಗರ ಪಾಲಿಕೆಯಿಂದ ಟ್ರೇಡ್ ಲೈಸೆನ್ಸ್, ಜೆಸ್ಕಾಂನಿಂದ ವಾಣಿಜ್ಯ ವಿದ್ಯುತ್ ಸಂಪರ್ಕ, ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ. ಅಗ್ನಿಶಾಮಕದವರನ್ನು ಕರೆದು ಜಾಗ ತೋರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಹತ್ತಿರದ ಪೊಲೀಸ್ ಠಾಣೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಜೆ ಹೊತ್ತು ಹುಡುಗರು ಬಿಲ್ಲು ಹಿಡಿದು ಓಡಾಡುವುದನ್ನು ನೋಡಿ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಬಿಲ್ಲು ಚೀಲದೊಳಗೇ ಬರಬೇಕು, ಚೀಲದೊಳಗೇ ಹೋಗಬೇಕು ಅನ್ನುವ ನಿಯಮ ಮೊದಲ ದಿನದಿಂದಲೇ ಇರಲಿ.

ಮೂರನೆಯವರಿಗೆ ಪೆಟ್ಟಾದರೆ ಹೊಣೆ ಹೊರುವ ವಿಮೆ, ಅಂದರೆ ಪಬ್ಲಿಕ್ ಲಯಬಿಲಿಟಿ, ತಪ್ಪಿಸಬೇಡಿ. ಪಾಲಕರ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿದ್ದರೆ ಓದದೆ ಸಹಿ ಹಾಕುತ್ತಾರೆ, ಆಮೇಲೆ ಅದಕ್ಕೆ ಬೆಲೆ ಇರುವುದಿಲ್ಲ.

## ಹಂತ 6: ಹಿಂದಿನ ತಡೆ ಮತ್ತು ಟಾರ್ಗೆಟ್

ಬಿಲ್ಲಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ. ಟಾರ್ಗೆಟ್ ತಪ್ಪಿದ ಬಾಣ ಎಲ್ಲಿಗೆ ಹೋಗುತ್ತದೆ ಅನ್ನುವುದೇ ರೇಂಜ್‌ನ ಸುರಕ್ಷತೆ. ಹೊಸಬರ ಹತ್ತು ಬಾಣದಲ್ಲಿ ಎರಡು-ಮೂರು ತಪ್ಪುತ್ತವೆ ಅಂದುಕೊಂಡೇ ಕಟ್ಟಿ.

ಮೊದಲು ಬಿಲ್ಲುಗಾರಿಕೆಗೆಂದೇ ನೇಯ್ದ ನೆಟ್. ಗೋಡೆಯಿಂದ ಒಂದು ಮೀಟರ್ ಮುಂದೆ, ಇಡೀ ಅಗಲಕ್ಕೆ, ಮೇಲಿನಿಂದ ನೆಲದವರೆಗೆ. ಬಿಗಿಯಾಗಿ ಎಳೆದು ಕಟ್ಟಬೇಡಿ. ಸಡಿಲವಾಗಿ, ಸೆರಗಿನ ಹಾಗೆ ಜೋಲಾಡಬೇಕು. ಆಗ ಬಾಣದ ವೇಗವನ್ನು ನೆಟ್ ತಿಂದುಹಾಕುತ್ತದೆ. ಬಿಗಿಯಾಗಿದ್ದರೆ ತೂರಿಕೊಂಡು ಹೋಗುತ್ತದೆ. ಕ್ರಿಕೆಟ್ ನೆಟ್, ಹಸಿರು ನೆರಳು ಬಲೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ನೆಟ್‌ನ ಹಿಂದೆ ಇನ್ನೊಂದು ಪದರ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಹಳೇ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಕ್ಕರೆ ತನ್ನಿ, ಗೋಡೆಗೆ ಮೊಳೆ ಹೊಡೆಯದೆ ಮೇಲಿನಿಂದ ತೂಗಿಬಿಡಿ. ಗೋಡೆಗೆ ಅಂಟಿಸಿದ ರಬ್ಬರ್‌ನಿಂದ ಹಗುರ ಬಾಣ ವಾಪಸ್ ಚಿಮ್ಮುತ್ತದೆ. ಬರೀ ಕಲ್ಲಿನ ಗೋಡೆ ಅಥವಾ ಪ್ಲೈವುಡ್ ಬಿಟ್ಟರಂತೂ ಚಿಮ್ಮಿದ ಬಾಣ ಹೊಡೆದವನ ಕಾಲ ಬಳಿಗೇ ಬರಬಹುದು.

ಟಾರ್ಗೆಟ್‌ಗೆ ಪದರ ಪದರದ ಫೋಮ್ ಒಳ್ಳೆಯದು. ಮರದ ಚೌಕಟ್ಟಿನಲ್ಲಿ ಫೋಮ್ ಪಟ್ಟಿಗಳನ್ನು ಒತ್ತಿ, ಮೇಲೆ ಕೆಳಗೆ ಕಬ್ಬಿಣದ ರಾಡ್ ಹಾಕಿ ನಟ್ ಬಿಗಿಯುವ ರೀತಿಯದ್ದನ್ನು ನಮ್ಮಲ್ಲಿನ ಬಡಗಿಯೇ ಮಾಡಿಕೊಡುತ್ತಾರೆ. ನಡುಭಾಗ ಸವೆದರೆ ನಟ್ ಇನ್ನೆರಡು ಸುತ್ತು ಬಿಗಿಯಬಹುದು, ಪಟ್ಟಿಗಳ ಜಾಗ ಅದಲು ಬದಲು ಮಾಡಬಹುದು. ಅಖಂಡ ಫೋಮ್‌ಗೆ ಈ ಅನುಕೂಲ ಇಲ್ಲ.

ದುಡ್ಡು ಉಳಿಸಲು ಗೋಣಿಚೀಲದ ಟಾರ್ಗೆಟ್ ಮಾಡುತ್ತಾರೆ. ಮಾಡಬಹುದು, ಹೊಸಬರ ಹಗುರ ಬಿಲ್ಲಿಗೆ ನಡೆಯುತ್ತದೆ. ಒಳಗೆ ಹಳೇ ಬಟ್ಟೆ, ಪ್ಲಾಸ್ಟಿಕ್ ಹಾಳೆ ಒತ್ತಿ ಒತ್ತಿ ತುಂಬಿ. ನಾನೊಮ್ಮೆ ಜಾಣತನ ತೋರಿಸಲು ಹೋಗಿ ಕೆಳಗೆ ತೊಗರಿ ಕಟ್ಟಿಗೆ ತುಂಬಿ ಮೇಲೆ ಬಟ್ಟೆ ಹಾಕಿದ್ದೆ. ಪುಕ್ಕಟೆ ಸಿಗುತ್ತಲ್ಲ! ಮೊದಲ ವಾರದಲ್ಲೇ ಏಳು ಬಾಣದ ತುದಿ ಮುರಿಯಿತು. ಜಿಪ್, ಗುಂಡಿ ಇರುವ ಬಟ್ಟೆಯೂ ಬೇಡ, ಕತ್ತರಿಸಿ ತೆಗೆಯಿರಿ.

ಫೇಸ್‌ನ ನಡುವಿನ ಹಳದಿ ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿರಲಿ. 18 ಮೀಟರ್‌ಗೆ ನಿಯಮದ ಫೇಸ್ 40 ಸೆಂಟಿಮೀಟರಿನದು. ಹೊಸಬರಿಗೆ ಅದನ್ನು ಕೊಟ್ಟರೆ ಅಳುತ್ತಾರೆ. 80 ಸೆಂಟಿಮೀಟರಿನ ಫೇಸ್, 6 ಮೀಟರ್ ದೂರದಿಂದ ಶುರು ಮಾಡಿಸಿ. ಟಾರ್ಗೆಟನ್ನು ಮುಂದೆ ತರಬೇಡಿ, ಆ ಬ್ಯಾಚ್‌ಗೆ ಗೆರೆಯನ್ನೇ ಮುಂದಕ್ಕೆ ಎಳೆಯಿರಿ. ಎಲ್ಲರಿಗೂ ಹೊಡೆಯುವ ಗೆರೆ ಒಂದೇ ಇರಬೇಕಾಗಿರುವುದರಿಂದ ಆ ಬ್ಯಾಚ್ ಪೂರ್ತಿ ಒಂದೇ ದೂರಕ್ಕೆ ಹೊಡೆಯಲಿ. ಒಬ್ಬ ಮುಂದೆ, ಒಬ್ಬ ಹಿಂದೆ ನಿಂತು ಹೊಡೆಯುವುದು ಯಾವತ್ತೂ ಬೇಡ.

ಕೆಟ್ಟ ಸೂಚನೆ: ಟಾರ್ಗೆಟ್‌ನ ಹಿಂಬದಿಗೆ ಬಾಣದ ತುದಿ ಬೆರಳಿನಷ್ಟು ಹೊರಬಂದರೆ ಅವತ್ತೇ ಆ ಲೇನ್ ಮುಚ್ಚಿ.

## ಹಂತ 7: ಬಿಲ್ಲು, ಬಾಣ, ಸಾಮಾನು

ಆರು ಲೇನ್‌ಗೆ ಎಂಟು ಬಿಲ್ಲು ಸಾಕು. ಬಿಚ್ಚಿ ಜೋಡಿಸುವ ಮರದ ರಿಕರ್ವ್ ಬಿಲ್ಲು ತೆಗೆದುಕೊಳ್ಳಿ. ಬೇರೆ ಪೌಂಡಿನ (ಎಳೆಯಲು ಬೇಕಾದ ಬಲದ ಅಳತೆ) ಲಿಂಬ್, ಅಂದರೆ ಬಿಲ್ಲಿನ ಬಾಗುವ ತೋಳು, ಹಾಕಿ ಅದನ್ನೇ ಬಳಸಬಹುದು. ಹತ್ತು-ಹನ್ನೆರಡು ವರ್ಷದವರಿಗೆ 12ರಿಂದ 16 ಪೌಂಡ್, ಹೈಸ್ಕೂಲಿನವರಿಗೆ 16ರಿಂದ 20, ದೊಡ್ಡವರಿಗೆ 20ರಿಂದ 24. ಒಂದೆರಡು ಎಡಗೈ ಬಿಲ್ಲು ಇರಲೇಬೇಕು.

ಕಾಂಪೌಂಡ್ ಬಿಲ್ಲು ಶುರುವಿನಲ್ಲಿ ಬೇಡ. ನೋಡಲು ಭರ್ಜರಿ, ಫೋಟೋಗೆ ಚೆನ್ನ. ಆದರೆ ಪ್ರತಿಯೊಬ್ಬರ ಕೈ ಉದ್ದಕ್ಕೆ ತಕ್ಕಂತೆ ಹೊಂದಿಸಬೇಕು, ರಿಪೇರಿಗೆ ಲಿಂಬ್ ಒತ್ತಿ ಹಿಡಿಯುವ ಪ್ರೆಸ್ ಬೇಕು, ಫೋಮ್ ಬೇಗ ತೂತಾಗುತ್ತದೆ. ಸ್ಪರ್ಧೆಯ ಒಳ್ಳೆಯ ರಿಕರ್ವ್ ಸೆಟ್ ಕೂಡ ಲಕ್ಷ ದಾಟುತ್ತದೆ. ಅದು ಮಗುವಿನ ಪಾಲಕರು ಎರಡು ವರ್ಷದ ನಂತರ ಯೋಚಿಸಬೇಕಾದ ಖರ್ಚು, ನಿಮ್ಮದಲ್ಲ.

ಬಿಲ್ಲಿನ ಮೇಲೆ ಬರೆದ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. 24 ಇಂಚು ಎಳೆಯುವ ಮಗುವಿಗೆ ಅದು ಕಡಿಮೆ ಬರುತ್ತದೆ. ಲಗೇಜ್ ತೂಗುವ ಕೈ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಎಳೆದು ನೋಡಿ. 8 ಕೆ.ಜಿ. ತೋರಿಸಿದರೆ 17-18 ಪೌಂಡ್. ಮಗು ಬಿಲ್ಲು ಎಳೆದು ಐದು ಸೆಕೆಂಡ್ ನಡುಗದೆ ಹಿಡಿಯಲಾಗದಿದ್ದರೆ ಆ ಬಿಲ್ಲು ಅದಕ್ಕೆ ಜಾಸ್ತಿ ಆಯಿತು.

ಬಾಣದ ಉದ್ದಕ್ಕೆ ಸುಲಭ ಲೆಕ್ಕ ಇದೆ. ಎರಡೂ ಕೈ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಇಂಚಿನಲ್ಲಿ ಅಳೆದು 2.5ರಿಂದ ಭಾಗಿಸಿ. 60 ಇಂಚಿದ್ದರೆ 24. ಅದಕ್ಕೆ ಎರಡು ಇಂಚು ಸೇರಿಸಿ 26ರ ಬಾಣ ಕೊಡಿ. ಗಿಡ್ಡ ಬಾಣ ಎಲ್ಲಕ್ಕಿಂತ ಅಪಾಯ. ಜಾಸ್ತಿ ಎಳೆದಾಗ ತುದಿ ಬಿಲ್ಲಿನ ಮೇಲೆ ಬಾಣ ಕೂರುವ ರೆಸ್ಟ್‌ನಿಂದ ಜಾರಿ ಹಿಂದೆ ಬಂದು ಬಿಲ್ಲು ಹಿಡಿದ ಕೈಗೇ ಹೊಕ್ಕುತ್ತದೆ. ಹೊಸಬರಿಗೆ ಫೈಬರ್ ಅಥವಾ ಅಲ್ಯೂಮಿನಿಯಂ ಬಾಣ ಸಾಕು. ಒಬ್ಬರಿಗೆ ಆರರಂತೆ ಲೆಕ್ಕ ಹಾಕಿ, ಅದರ ಅರ್ಧದಷ್ಟು ಹೆಚ್ಚುವರಿ ಇಡಿ.

ಉಳಿದದ್ದು: ಫಿಂಗರ್ ಟ್ಯಾಬ್, ಆರ್ಮ್ ಗಾರ್ಡ್, ಹೆದೆ ಏರಿಸುವ ಸ್ಟ್ರಿಂಗರ್, ಹೆದೆಯ ಅಳತೆ ನೋಡುವ ಬೋ ಸ್ಕ್ವೇರ್, ಮೇಣ, ಹೆಚ್ಚುವರಿ ಹೆದೆ ಮತ್ತು ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿ), ಬಾಣ ಕೀಳಲು ರಬ್ಬರ್ ತುಂಡು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಸ್ಟ್ರಿಂಗರ್ ಇಲ್ಲದೆ ಕಾಲಿನ ಸಂದಿಯಲ್ಲಿ ಬಿಲ್ಲು ಬಗ್ಗಿಸಿ ಹೆದೆ ಏರಿಸುವವರನ್ನು ಕಂಡರೆ ತಡೆಯಿರಿ. ಲಿಂಬ್ ತಿರುಚಿಕೊಳ್ಳುತ್ತದೆ, ಆಮೇಲೆ ಆ ಬಿಲ್ಲು ನೆಟ್ಟಗೆ ಹೊಡೆಯುವುದಿಲ್ಲ.

ನಮ್ಮ ಬಿಸಿಲಿಗೆ ಎರಡು ಎಚ್ಚರಿಕೆ. ಬಿಲ್ಲನ್ನು ನಿಲ್ಲಿಸಿದ ಕಾರಿನೊಳಗೆ ಮಧ್ಯಾಹ್ನ ಬಿಡಬೇಡಿ, ಲಿಂಬ್‌ನ ಪದರಗಳ ಅಂಟು ಬಿಡುತ್ತದೆ. ಬಾಣದ ತುದಿಯನ್ನು ಕೂರಿಸಿರುವ ಹಾಟ್ ಮೆಲ್ಟ್ ಅಂಟು ಕೂಡ ಕಾವಿಗೆ ಮೆತ್ತಗಾಗುತ್ತದೆ. ಬಾಣ ಕಿತ್ತರೆ ತುದಿ ಫೋಮ್‌ನಲ್ಲೇ ಉಳಿಯುತ್ತದೆ. ಮುಂದಿನ ಬಾಣ ಅದಕ್ಕೆ ಬಡಿದು ಹಾಳಾಗುತ್ತದೆ.

## ಹಂತ 8: ದಿನದ ಶಿಸ್ತು

ಸೀಟಿ ನಿಯಮ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಎರಡು ಸೀಟಿ, ಗೆರೆಗೆ ಬನ್ನಿ. ಒಂದು ಸೀಟಿ, ಹೊಡೆಯಿರಿ. ಮೂರು ಸೀಟಿ, ಬಿಲ್ಲು ಇಟ್ಟು ಬಾಣ ತನ್ನಿ. ಐದು ಅಥವಾ ಜಾಸ್ತಿ, ತಕ್ಷಣ ನಿಲ್ಲಿಸಿ. ಜಗತ್ತಿನ ಸ್ಪರ್ಧೆಗಳಲ್ಲೂ ಇದೇ ಇರುವುದರಿಂದ ಮಕ್ಕಳಿಗೆ ಮುಂದೆ ಹೊಸದಾಗಿ ಕಲಿಯುವ ಕೆಲಸ ಇಲ್ಲ. ನಿಮ್ಮಲ್ಲಿ ಒಂದು ಸರದಿಗೆ ಮೂರು ಬಾಣ, ಎರಡು ನಿಮಿಷ ಕೊಡಿ.

ಬಾಣ ಕೀಳುವಾಗ ಟಾರ್ಗೆಟ್‌ಗೆ ಪಕ್ಕದಿಂದ ನಿಲ್ಲಬೇಕು, ಕೀಳುವವನ ಹಿಂದೆ ಯಾರೂ ಇರಬಾರದು. ಬಾಣ ಒಮ್ಮೆಲೇ ಬಿಟ್ಟುಬಂದಾಗ ಹಿಂದಿನ ತುದಿ ಹಿಂದೆ ನಿಂತವನ ಕಣ್ಣಿಗೆ ಸಮವಾಗಿ ಬರುತ್ತದೆ. ಓಡಿಕೊಂಡು ಟಾರ್ಗೆಟ್ ಕಡೆ ಹೋಗುವುದೂ ಬೇಡ, ಎಡವಿದರೆ ಎದುರಿಗೆ ಬಾಣದ ಹಿಂತುದಿಗಳೇ ಇರುತ್ತವೆ.

ಬಾಣ ಇಲ್ಲದೆ ಹೆದೆ ಎಳೆದು ಬಿಡುವುದು ಅಪಾಯದ ಅಭ್ಯಾಸ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಹೋಗಿ ಲಿಂಬ್ ಸೀಳುತ್ತದೆ. ಪಾಲಕರು ಬಂದವರೇ ಬಿಲ್ಲು ಎತ್ತಿಕೊಂಡು ಮೊದಲು ಮಾಡುವುದೇ ಅದನ್ನು. ಬಿಲ್ಲಿನ ಸ್ಟ್ಯಾಂಡ್‌ಗೆ ಹಗ್ಗ ಕಟ್ಟಿ.

ಕಾರ್ಬನ್ ಬಾಣ ಯಾರಾದರೂ ತಂದರೆ ದಿನಾ ಬಗ್ಗಿಸಿ ಕಿವಿ ಹತ್ತಿರ ಹಿಡಿದು ನೋಡಲಿ. ಚಟಚಟ ಸದ್ದು ಬಂದರೆ ಒಳಗೆ ಬಿರುಕಿದೆ. ಮುರಿದು ಕಸಕ್ಕೆ ಹಾಕಿ, "ಒಂದ್ಸಲ ಹೊಡೀತೀನ್ರಿ ಸರ್ರ" ಅಂದರೂ ಕೇಳಬೇಡಿ. ಎಳೆದು ಬಿಟ್ಟಾಗ ಸೀಳಿ ಕೈಗೆ ಚುಚ್ಚಿಕೊಂಡರೆ ಆ ಕಾರ್ಬನ್ ಸಿಬಿರು ತೆಗೆಸಲು ಆಸ್ಪತ್ರೆಗೇ ಹೋಗಬೇಕು.

ಬಾಗಿಲು ಮುಚ್ಚುವ ಮುಂಚೆ ಬಾಣ ಎಣಿಸಿ, ವಹಿಯಲ್ಲಿ ಬರೆಯಿರಿ. ಒಂದು ಕಡಿಮೆ ಬಂದರೆ ಅದು ಎಲ್ಲೋ ನೆಲದಲ್ಲಿದೆ, ನೆಟ್‌ನಲ್ಲಿದೆ ಅಥವಾ ಯಾವುದೋ ಹುಡುಗನ ಚೀಲದಲ್ಲಿದೆ. ಮೂರನೆಯದೇ ತೊಂದರೆ.

## ಹಂತ 9: ಆರನೇ ತಿಂಗಳಲ್ಲಿ ತೀರ್ಮಾನ

ಹಂತ 1ರ ಹಾಳೆಯನ್ನು ಮತ್ತೆ ತೆಗೆಯಿರಿ. ಕೆಳಗಿನವುಗಳಲ್ಲಿ ಎರಡು ನಿಮ್ಮಲ್ಲಿ ಇದ್ದರೆ ಬಾಡಿಗೆ ಕರಾರು ಮುಂದುವರಿಸಬೇಡಿ.

1. ಮೂರು ತಿಂಗಳಿಗಿಂತ ಜಾಸ್ತಿ ಉಳಿದ ಮಕ್ಕಳು ಅರ್ಧಕ್ಕಿಂತ ಕಡಿಮೆ.
2. ಕೋಚ್ ಸಂಬಳ ಎರಡು ಸಲ ನಿಮ್ಮ ಮನೆ ದುಡ್ಡಿನಿಂದ ಹೋಗಿದೆ.
3. ಒಂದೂ ಶಾಲೆ ಬರಹದಲ್ಲಿ ಒಪ್ಪಿಲ್ಲ.
4. ಮುರಿದ ಬಾಣ ಕೊಳ್ಳುವ ಬದಲು ಒಬ್ಬರ ಬಾಣ ಇನ್ನೊಬ್ಬರಿಗೆ ಕೊಡಲು ಶುರು ಮಾಡಿದ್ದೀರಿ.

ನಾಲ್ಕನೆಯದನ್ನು ಜನ ಚಿಕ್ಕದು ಅಂದುಕೊಳ್ಳುತ್ತಾರೆ. ನನಗೆ ಅದೇ ದೊಡ್ಡದು. ಉದ್ದ ಕೈಯ ಹುಡುಗನಿಗೆ ಗಿಡ್ಡ ಬಾಣ ಹೋಗುವುದು ಹಾಗೆಯೇ.

ಬಿಡುವುದಾದರೆ ಪರೀಕ್ಷೆಗೆ ಮೊದಲು, ಜನವರಿಯಲ್ಲೇ ಬಿಡಿ. ಪಾಲಕರಿಗೆ ಉಳಿದ ಫೀ ವಾಪಸ್ ಕೊಡಿ. ಬಿಲ್ಲುಗಳ ಹೆದೆ ಇಳಿಸಿ, ಲಿಂಬ್ ಬಿಚ್ಚಿ ಚೀಲಕ್ಕೆ ಹಾಕಿ ಮಾರಾಟಕ್ಕಿಡಿ, ಬೇಸಿಗೆ ಕಳೆದರೆ ಬೆಲೆ ಇಳಿಯುತ್ತದೆ. ಫೋಮ್ ಟಾರ್ಗೆಟ್ ಯಾರೂ ಕೊಳ್ಳುವುದಿಲ್ಲ. ಹಂತ 2ರಲ್ಲಿ ಮೈದಾನ ಕೊಟ್ಟ ಶಾಲೆಗೆ ಕೊಟ್ಟುಬಿಡಿ, ನಿಮ್ಮ ಹತ್ತಿರ ಕಲಿತ ನಾಲ್ಕೈದು ಮಕ್ಕಳು ಅಲ್ಲಿ 30 ಮೀಟರ್‌ಗೆ ಹೊಡೆಯುತ್ತಿರುತ್ತಾರೆ.